ಮೂವರ ಸೀಟು

ಭಾನುವಾರ ಸಂಜೆ ಹಳ್ಳಿ ಕಡೆಯಿಂದ ಬರುವ ಪ್ಯಾಸೆಂಜರ್ ರೈಲಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಮೂವರ ಸೀಟಿನಲ್ಲಿ ನಾಲ್ವರು ಕೂರುವುದೇ ರೂಢಿ. ಅವತ್ತು ಕಿಟಕಿ ಕಡೆ ಯಾರೋ ಒಬ್ಬರು, ನಡುವೆ ಮಗಳು ಮಾನ್ಯ, ತುದಿಯಲ್ಲಿ ನಾನು.

"ಸ್ವಲ್ಪ ಸರ್ಕೊಳಮ್ಮ" ಎಂದಿತು ಮುದಿ ದನಿ. ನೋಡದೆಯೇ ಸರಿದೆ. ಒದ್ದೆ ಸೀರೆ ತಾಗಿದಂತೆ ತೊಡೆ ತಣ್ಣಗಾಯಿತು. ತಿರುಗಿದರೆ ಪಕ್ಕ ಖಾಲಿ.

ಅಷ್ಟು ಜನ ನಿಂತಿದ್ದರೂ ಬೆಂಗಳೂರಿನವರೆಗೆ ಅಲ್ಲಿ ಯಾರೂ ಕೂರಲಿಲ್ಲ. ಇಳಿಯುವಾಗ, ಎದುರಿಗೆ ನಿಂತೇ ಬಂದವರನ್ನು ಕೇಳಿಯೇಬಿಟ್ಟೆ.

"ಜಾಗ ಇತ್ತಲ್ಲ, ಯಾಕೆ ಕೂರ್ಲಿಲ್ಲ?"

"ಅಜ್ಜೀನ ಎಬ್ಬಿಸಿ ಕೂರೋಕಾಗತ್ತಾ, ಮೇಡಂ?"

ಮಾನ್ಯಳನ್ನು ಎಳೆದುಕೊಂಡು ಓಡಿ ಆಟೋ ಹತ್ತಿದೆ. ಚಾಮರಾಜಪೇಟೆಯಲ್ಲಿ ಮನೆ ಮುಂದೆ ಇಳಿಯುವಾಗಲೇ ನೋಡಿದ್ದು: ನಾನು ಈ ಅಂಚಿಗೆ, ಮಗಳು ಆ ಅಂಚಿಗೆ ಒತ್ತಿಕೊಂಡು ಕೂತಿದ್ದೆವು. ನಡುವಿನ ಸೀಟು ಒದ್ದೆಯಾಗಿತ್ತು.