ಸಾಲು ತಪ್ಪಿದ ವಿಭೂತಿ

ಆಪರೇಷನ್ನಿನ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಆದರೂ ಹಸೀನಾ ಬೇಗಂ ಹೊಟ್ಟೆ ಹಿಡಿದುಕೊಂಡೇ ನಮ್ಮ ಜಗುಲಿ ಹತ್ತಿ ಬಂದರು.

"ನಮ್ಮೋರು ಯಾರನ್ನೂ ಸಾಯ್ಸಿಲ್ಲ ಕಣಮ್ಮ. ನಾಳೆ ಸ್ಟೇಷನ್‌ಗೆ ಬಾ ಅಂದವ್ರೆ. ಹೋದ್ರೆ ಒಳಗೇ ಹಾಕ್ತಾರೆ."

ಸುವರ್ಣಮ್ಮ ಪೊಲೀಸ್ ವೈರ್‌ಲೆಸ್ಸಿನಲ್ಲಿ ದುಡಿದು, ನಿವೃತ್ತರಾಗಿ ತಿಪಟೂರಿನಲ್ಲಿ ನೆಲೆಸಿದ್ದರು. ಊರಿನ ಕಗ್ಗಂಟುಗಳೆಲ್ಲ ಅವರ ಜಗುಲಿಗೇ ಬರುತ್ತಿದ್ದವು. ಅವರ ಮನೆಯಲ್ಲೇ ಬಾಡಿಗೆಗಿದ್ದು ಕಂಪ್ಯೂಟರ್ ಕಲಿಸುತ್ತಿದ್ದ ಮಧುಶ್ರೀ ಎಂಬ ನಾನು ಪ್ರತಿಸಲವೂ ಕರೆಯದೆಯೇ ಹಿಂದೆ ಹೊರಡುತ್ತಿದ್ದೆ.

ಹಸೀನಾರ ಗಂಡ ಮುಜಾಫರ್ ರೇಡಿಯೊ ಮೆಕ್ಯಾನಿಕ್. ಹಾಲ್ಕುರಿಕೆಯ ಹತ್ತಿರ ಹಾಲಸ್ವಾಮಿ ಮತ್ತು ಬಸವರಾಜಪ್ಪನವರ ಅಕ್ಕಪಕ್ಕದ ತೋಟಗಳಿಗೆ ರೇಡಿಯೊ ಪೆಟ್ಟಿಗೆ ಕೂರಿಸಿದ್ದ. ಮನೆಯಲ್ಲಿ ಗುಂಡಿ ಒತ್ತಿದರೆ ದೂರದ ಪಂಪ್‌ಮನೆಯಲ್ಲಿ ಮೋಟರು ತಿರುಗುತ್ತಿತ್ತು. ಹಾಲಸ್ವಾಮಿಯವರ ಆಳು ಹನುಮಂತಯ್ಯ, ನಿಂತಿದ್ದ ಮೋಟರಿನ ಮುಂದೆ ಕೂತು ಪಂಪು ರಿಪೇರಿ ಮಾಡುತ್ತಿದ್ದಾಗ ಅದು ತಾನಾಗಿ ತಿರುಗಿತು. ಹೆಗಲ ಟವೆಲು ಸುತ್ತಿಕೊಂಡು ಅವನ ಕುತ್ತಿಗೆ ಬಿಗಿದು ಪ್ರಾಣ ಹೋಯಿತು. ಮನೆಯಲ್ಲಿ ಯಾರೂ ಗುಂಡಿ ಮುಟ್ಟಿರಲಿಲ್ಲ. ಪೆಟ್ಟಿಗೆ ಮಾಡಿದವನೇ ತಪ್ಪಿತಸ್ಥ ಎಂದು ಊರು ತೀರ್ಮಾನಿಸಿ, ಅವನ ಅಂಗಡಿಗೆ ಕಲ್ಲೂ ತೂರಿತ್ತು.

ನಾವು ಪಂಪ್‌ಮನೆಗೆ ಹೋದೆವು. ಆಯುಧಪೂಜೆಗೆ ಹಾಲಸ್ವಾಮಿಯವರು ಪೆಟ್ಟಿಗೆಯ ಅಂಚಿನಿಂದ ಅಂಚಿಗೆ, ಮುಚ್ಚಳದ ಮೇಲೆ ಹಾಯಿಸಿ ಎಳೆದಿದ್ದ ಮೂರೆಳೆ ವಿಭೂತಿ ಇನ್ನೂ ಇತ್ತು. ಸುವರ್ಣಮ್ಮ ಅದನ್ನೇ ನೋಡುತ್ತ ಬಹಳ ಹೊತ್ತು ನಿಂತರು. ಆಮೇಲೆ ಒಳಗಿನ ರೇಡಿಯೊ ಚಿಪ್ಪಿನ ಸೆಟ್ಟಿಂಗು ಓದು ಎಂದು ನನಗೆ ಹೇಳಿದರು. ಹಬ್ಬದ ರಜೆಗೆ ಬಂದಿದ್ದ ಹಾಲಸ್ವಾಮಿಯವರ ಮಗ ಬಸವಕುಮಾರ್ ತನ್ನ ಲ್ಯಾಪ್‌ಟಾಪು ಕೊಟ್ಟ. ಬೇಕಾದ ಪ್ರೋಗ್ರಾಂ ಅದರಲ್ಲಿ ಆಗಲೇ ಇತ್ತು. ಸದ್ಯ, ಕೆಲಸ ಹಗುರವಾಯಿತು ಎಂದಷ್ಟೇ ನಾನು ಅಂದುಕೊಂಡೆ.

ಚಿಪ್ಪಿಗೆ ಕೇಳಿಸಿಕೊಳ್ಳುವಾಗ ಎರಡು ಕಟ್ಟಳೆ ಇರಬೇಕು. ಬಂದ ಸಂದೇಶದಲ್ಲಿ ತನ್ನ ತೋಟದ ನಂಬರು ಇದೆಯೇ, ಸಂದೇಶ ಮುಕ್ಕಾಗದೆ ಬಂದಿದೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಬಿಸಾಡಬೇಕು. ಇಲ್ಲಿ ಎರಡೂ ಬಂದ್ ಆಗಿದ್ದವು. ಪಕ್ಕದ ತೋಟದ ಪೆಟ್ಟಿಗೆಯಲ್ಲಿ ಎರಡೂ ಸರಿಯಾಗಿದ್ದವು. ಬಸವರಾಜಪ್ಪನವರನ್ನು ವಿಚಾರಿಸಿದಾಗ, ವೈಂಡಿಂಗಿಗೆ ಹಬ್ಬದ ಹಿಂದಿನ ದಿನವೇ ಕೊಟ್ಟಿದ್ದ ಅವರ ಮೋಟರು ಹನುಮಂತಯ್ಯ ಸತ್ತ ಬೆಳಿಗ್ಗೆಯಷ್ಟೇ ವಾಪಸಾಗಿತ್ತು ಎಂದು ತಿಳಿಯಿತು. ಬಂದ ಕೂಡಲೇ ಗುಂಡಿ ಒತ್ತಿದ್ದರಂತೆ.

ವಾಪಸು ಬರುವಾಗ ಹನುಮಂತಯ್ಯನ ಹೆಂಡತಿ ಸಿದ್ದಕ್ಕನನ್ನು ಕಂಡೆವು. ಮೊದಲೆಲ್ಲ ಪೆಟ್ಟಿಗೆ ಎಷ್ಟೋ ಸಲ ಮಾತು ಕೇಳುತ್ತಿರಲಿಲ್ಲ, ಮಂಡಿನೋವಿನ ಗಂಡ ಕುಂಟುತ್ತಲೇ ತೋಟಕ್ಕೆ ನಡೆಯುತ್ತಿದ್ದ ಎಂದಳು. "ಹಬ್ಬ ಆದ್ಮೇಲೆ ಕರೆದೇಟ್ಗೆ ಓಗೊಡ್ತಿತ್ತು ಕಣವ್ವ. ಕಾಲಿಗೆ ಆರಾಮಾತು ಅಂತಿದ್ರು."

ಸಂಜೆ ಹಾಲಸ್ವಾಮಿಯವರ ಪಡಸಾಲೆಯಲ್ಲಿ ಎಲ್ಲರೂ ಸೇರಿದೆವು. ಸಬ್‌ಇನ್ಸ್‌ಪೆಕ್ಟರ್ ಕುರ್ಚಿಯಲ್ಲಿ, ಮುಜಾಫರ್ ಹಸೀನಾರೊಡನೆ ಬಾಗಿಲ ಬಳಿ ತಲೆ ತಗ್ಗಿಸಿಕೊಂಡು, ಸಿದ್ದಕ್ಕ ಮೂಲೆಯಲ್ಲಿ.

ಅವತ್ತು ಬಸವರಾಜಪ್ಪನವರ ಗುಂಡಿಗೆ ಎರಡೂ ಮೋಟರು ತಿರುಗಿದವು ಎಂದು ಸುವರ್ಣಮ್ಮ ಶುರುಮಾಡಿದರು. ಮುಜಾಫರ್ ಮೊದಲೇ ಮರೆತಿದ್ದರೆ ವರ್ಷವಿಡೀ ಹಾಗಾಗಬೇಕಿತ್ತು, ಆಗಿಲ್ಲ. ಅಂದರೆ ಸೆಟ್ಟಿಂಗು ಬದಲಾದದ್ದು ಈಚೆಗೆ.

"ಯಾವಾಗ?" ಎಂದರು ಸಬ್‌ಇನ್ಸ್‌ಪೆಕ್ಟರ್.

"ಪೂಜೆ ಆದ್ಮೇಲೆ. ವಿಭೂತಿ ಎಳೆ ಪೆಟ್ಟಿಗೆ ಅಂಚಲ್ಲಿ ಮೇಲವೆ, ಮುಚ್ಚಳದಲ್ಲಿ ಕೆಳಗವೆ. ಯಾರೋ ಬಿಚ್ಚಿ, ತಲೆಕೆಳಗಾಗಿ ಹಾಕವ್ರೆ. ಮುಜಾಫರ್ ಪೂಜೆ ದಿನ ಬೆಳಿಗ್ಗೇನೇ ಹೆಂಡ್ತಿನ ತುಮಕೂರು ಆಸ್ಪತ್ರೆಗೆ ಕರ್ಕೊಂಡು ಹೋದೋನು, ಬಂದಿದ್ದು ಹನುಮಂತಯ್ಯನ ಮಣ್ಣಾದ ಮೇಲೆ."

ತೆಂಗಿನ ಗರಿಗಳ ನಡುವೆ ಹಾದು ಬರುವ ಸಂದೇಶ ಮುಕ್ಕಾಗುತ್ತದೆ, ಚಿಪ್ಪು ಅದನ್ನು ಬಿಸಾಡುತ್ತದೆ, ಹನುಮಂತಯ್ಯ ನಡೆಯಬೇಕಾಗುತ್ತದೆ. ಕಟ್ಟಳೆ ತೆಗೆದರೆ ಅವನು ನಡೆಯಬೇಕಿಲ್ಲ. ಇದು ಅವನ ಮೇಲೆ ಹಗೆ ಇದ್ದವರ ಕೆಲಸವಲ್ಲ ಎನ್ನುತ್ತ ಸುವರ್ಣಮ್ಮ ನಿಧಾನವಾಗಿ ಬಸವಕುಮಾರನತ್ತ ತಿರುಗಿದರು.

"ಆ ಪ್ರೋಗ್ರಾಂ ನಿನ್ನ ಲ್ಯಾಪ್‌ಟಾಪಲ್ಲಿ ಯಾಕಿತ್ತು ಕುಮಾರ? ನಾವು ಕೇಳಿದ ತಕ್ಷಣ ತಂದು ಕೊಟ್ಟೆ. ನಿಜ ಸಿಗ್ಲಿ ಅಂತ್ಲೇ ಕೊಟ್ಟೆ, ಅಲ್ವಾ?"

ಬಸವಕುಮಾರ್ ಗೋಡೆಗೆ ಒರಗಿ ಕೂತ. ಚಿಕ್ಕಂದಿನಲ್ಲಿ ಹನುಮಂತಯ್ಯನನ್ನು ಅಣ್ಣ ಎನ್ನುತ್ತ ಅವನ ಹೆಗಲ ಮೇಲೆ ಕೂತು ತೋಟ ಸುತ್ತಿದವನು ಅವನು. "ಅಣ್ಣನ ಮಂಡಿ ನೋಡಕ್ಕಾಗ್ತಿರ್ಲಿಲ್ಲ," ಎಂದ. "ಪಕ್ಕದ್ ಮೋಟ್ರು ಇರ್ಲಿಲ್ಲ ಆಗ. ಅದು ವಾಪಸ್ ಬರುತ್ತೆ ಅನ್ನೋದು ನೆನಪಿಗೇ ಬರ್ಲಿಲ್ಲ. ಆಮೇಲೆ ಹೇಳಕ್ಕೆ ಬಾಯಿ ಬರ್ಲಿಲ್ಲ."

ಹಾಲಸ್ವಾಮಿಯವರು ಮುಖ ಮುಚ್ಚಿಕೊಂಡರು. ಹಸೀನಾ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸಿದ್ದಕ್ಕ ಎದ್ದು ಬಂದು ಹುಡುಗನ ಎದುರಿಗೆ ಕೂತಳು.

"ನಮ್ ಕುಮಾರಪ್ಪ ಏನೋ ಮಾಡ್ಕೊಟ್ಟವ್ನೆ ಅಂತ ನನ್ ಹತ್ರ ಹಿಗ್ತಾ ಹೇಳಿದ್ರಪ್ಪ ನಿಮ್ಮಣ್ಣ. ನಂಗೊತ್ತಿತ್ತು. ನಿನ್ ಬಾಯಿಂದ ಬರ್ಲಿ ಅಂತ ಕಾಯ್ತಿದ್ದೆ. ಅಷ್ಟ್ರಲ್ಲಿ ಸಾಬರ ಅಂಗಡಿಗೆ ಕಲ್ಲು ಬಿತ್ತು."



ಹೇಳಿಕೆ ಬರೆದುಕೊಂಡ ಸಬ್‌ಇನ್ಸ್‌ಪೆಕ್ಟರ್, ಮುಜಾಫರ್‌ಗೆ ನಾಳೆ ಬರುವುದು ಬೇಡ ಎಂದರು; ಬಸವಕುಮಾರ್ ಬರಬೇಕು ಎಂದರು. ಮುಜಾಫರ್ ತೋಟಕ್ಕೆ ಹೋಗಿ ಎರಡೂ ಕಟ್ಟಳೆ ಮತ್ತೆ ಹಾಕಿ, ಮುಚ್ಚಳವನ್ನು ನೆಟ್ಟಗೆ ಕೂರಿಸಿ ಬಂದ. ವಿಭೂತಿಯ ಸಾಲು ಕೂಡಿತು.

ಕತ್ತಲಾಗುವ ಮುಂಚೆ ಹಾಲಸ್ವಾಮಿಯವರು ಗುಂಡಿ ಒತ್ತಿದರು. ಪೆಟ್ಟಿಗೆ ಓಗೊಡಲಿಲ್ಲ. ಅಭ್ಯಾಸದಂತೆ ಅವರು "ಹನುಮಂತಾ" ಎಂದು ಕರೆದು, ಅರ್ಧಕ್ಕೇ ನಿಂತರು.

ಬಸವಕುಮಾರ್ ಚಪ್ಪಲಿಯನ್ನೂ ಮೆಟ್ಟದೆ ಎದ್ದು, ಹನುಮಂತಯ್ಯ ಕುಂಟುತ್ತ ನಡೆಯುತ್ತಿದ್ದ ತೋಟದ ದಾರಿಯಲ್ಲಿ ನಡೆದುಹೋದ.