ಇನ್ನೂರ ಹದಿನೈದನೇ ಪ್ರಯೋಗ

ಸಮಸ್ತ ಸಿಬ್ಬಂದಿಯ ಘನ ಗಮನಕ್ಕೆ! ಎರಡನೇ ಮಹಡಿಯ ಏಕೈಕ ನೀಲಿ ಸ್ಟೇಪ್ಲರ್ ಸೋಮವಾರ ಬೆಳಿಗ್ಗೆಯಿಂದ ನಾಪತ್ತೆಯಾಗಿದೆ. ಸುಳಿವು ಕೊಟ್ಟವರಿಗೆ ಮುಖ್ಯಸ್ಥೆಯ ಮುಗುಳ್ನಗೆ ಬಹುಮಾನ. (ಈವರೆಗೆ ಯಾರೂ ಗೆದ್ದಿಲ್ಲ.)

ಗುರುವಾರ ಅದು ಅದೇ ಮಹಡಿಯಲ್ಲಿ ಕೆಲಸ ಮಾಡುವ ಅವಳ ಕಣ್ಣಿಗೆ ಬಿತ್ತು. ಪಕ್ಕದ ಕೋಣೆಯ ಸಹೋದ್ಯೋಗಿಯ ಮೇಜಿನ ಮೇಲೆ!

"ಓಹೋ! ಕಳ್ಳ ಸಿಕ್ಕಿದ!"

ಅವನು ಬೆಚ್ಚಿ ತಲೆಯೆತ್ತಿದ. ಮೂರು ತಿಂಗಳಲ್ಲಿ ಅವಳು ಅವನ ಕೋಣೆಯ ಹೊಸ್ತಿಲು ದಾಟಿದ್ದು ಇದೇ ಮೊದಲು. ಆ ಕಣ್ಣುಗಳನ್ನು ಇಷ್ಟು ಹತ್ತಿರದಿಂದ ನೋಡಿದ್ದೂ...

"ಅದು... ಸ್ಪ್ರಿಂಗ್ ಹೋಗಿತ್ತು. ರಿಪೇರಿ ಮಾಡ್ತಿದ್ದೆ."

"ನಾಲ್ಕು ದಿನ ರಿಪೇರಿನಾ? ಅದೇನು ವಿಮಾನನಾ?"

ಅವನ ಕಿವಿ ಕೆಂಪಾಯಿತು. ಅಷ್ಟರಲ್ಲಿ ಅವನು ಒಂದು ಲಕೋಟೆಯನ್ನು ಫೈಲಿನ ಕೆಳಗೆ ಸರಿಸಿದ್ದು ಅವಳಿಗೆ ಕಂಡೇಬಿಟ್ಟಿತು. ಮೇಲೆ ಬರೆದಿತ್ತು: 'ಮುಖ್ಯಸ್ಥರಿಗೆ. ಗೌಪ್ಯ.'

'ನನ್ನ ಮೇಲೆ ದೂರು! ಮತ್ತಿನ್ನೇನು?'

ಅವನ ಮೇಲೆ ಅವಳಿಗೆ ಮೊದಲೇ ಅನುಮಾನ; ಅದಕ್ಕೆ ಕಾರಣವೂ ಇತ್ತು. ಸೂಜಿ ಚುಚ್ಚುವುದು, ಎಣ್ಣೆ ತಿಕ್ಕುವುದು, ಬೇರು ಅರೆದು ಕುಡಿಸುವುದು... ಇಂಥ ಪರ್ಯಾಯ ಚಿಕಿತ್ಸೆಗಳ ಮೇಲೆ ಎಲ್ಲೆಲ್ಲಿ ಪ್ರಯೋಗ ನಡೆದಿದೆ ಎಂದು ಹಳೆಯ ವೈದ್ಯ ಪತ್ರಿಕೆಗಳಲ್ಲಿ ಹುಡುಕಿ ಪಟ್ಟಿ ಮಾಡುವುದೇ ಆ ಕಚೇರಿಯ ಕೆಲಸ. ಯಾವ ರೋಗಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿ ನಿರ್ಧರಿಸಿದ್ದರೆ 'ಸೇರಿಸಿ', ಇಲ್ಲವಾದರೆ 'ಬಿಡಿ'. ಒಂದೊಂದನ್ನೂ ಇಬ್ಬರು ಬೇರೆ ಬೇರೆ ಕೋಣೆಯಲ್ಲಿ, ಒಬ್ಬರ ಉತ್ತರ ಇನ್ನೊಬ್ಬರು ನೋಡದೆ ಓದಬೇಕು.

ಇವರಿಬ್ಬರ ಉತ್ತರ ಇನ್ನೂರ ಹದಿನಾಲ್ಕಕ್ಕೆ ಇನ್ನೂರ ಹದಿನಾಲ್ಕೂ ಒಂದೇ!

ಮಧ್ಯಾಹ್ನದ ಅಡುಗೆ ಏನು ಅನ್ನುವುದರಲ್ಲೇ ಗಂಡ ಹೆಂಡತಿಗೆ ಒಮ್ಮತವಿರುವುದಿಲ್ಲ. ಇನ್ನು ಇದು ಹೇಗೆ ಸಾಧ್ಯ? 'ನನ್ನದನ್ನ ನೋಡಿ ಬರೀತಿದ್ದಾನೆ!' ಹಾಗಿದ್ದರೆ ಅಷ್ಟನ್ನೂ ಮತ್ತೆ ಮೊದಲಿನಿಂದ ಓದಬೇಕು. ಮೂರು ತಿಂಗಳ ದುಡಿಮೆ ನೀರುಪಾಲು. ಟೀ ಮೆಷಿನ್ ಹತ್ತಿರ ದಿನವೂ 'ಮೊದಲು ನೀವು ತಗೊಳ್ಳಿ' ಅನ್ನುವ ಆ ನಗುವೂ ನಾಟಕವೇ? ಅದು ಯಾಕೋ ದುಡಿಮೆಗಿಂತ ಹೆಚ್ಚು ಚುಚ್ಚಿತು...

ಶುಕ್ರವಾರ ಅವಳು ಬಲೆ ಬೀಸಿದಳು.

ಇನ್ನೂರ ಹದಿನೈದನೇ ಪ್ರಯೋಗ: ನಿದ್ದೆ ಬಾರದವರಿಗೆ ಸುವಾಸನೆಯ ದಿಂಬು. ಚೀಟಿಯ ಮಾತೇ ಇಲ್ಲ. ಕಣ್ಣಿದ್ದವರು 'ಬಿಡಿ' ಅನ್ನಬೇಕು. ಅವಳು ಬೇಕಂತಲೇ 'ಸೇರಿಸಿ' ಎಂದು ಬರೆದು, ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಹೊರಗಿನ ಟ್ರೇಯಲ್ಲಿಟ್ಟಳು.

ಮಧ್ಯಾಹ್ನ ಅವನ ಉತ್ತರ ಬಂತು: 'ಸೇರಿಸಿ'.

"ನೋಡಿ ಮೇಡಂ!" ಮುಖ್ಯಸ್ಥೆಯ ಮುಂದೆ, ಅವನೆದುರಲ್ಲೇ, ಅವಳು ಎರಡೂ ಉತ್ತರ ಹರವಿದಳು. "ಇವ್ರು ಕಾಪಿ ಹೊಡೀತಾರೆ! ಈ ಲೇಖನದಲ್ಲಿ ಚೀಟಿ ಎತ್ತಿದ್ದಾರೆ ಅಂತ ಎಲ್ಲಿದೆ? ತೋರಿಸ್ಲಿ!"

"ಎಂಟನೇ ಪುಟ," ಅವನು ಮೆಲ್ಲಗೆ ಹೇಳಿದ. "ಕೋಷ್ಟಕದ ಕೆಳಗೆ. ಇರುವೆ ಥರ ಸಣ್ಣ ಅಕ್ಷರ."

"ಎಂಟನೇದಾ? ಇರೋದೇ ಏಳು ಪುಟ!"

ಮೂವರೂ ಅವಳ ಕೋಣೆಗೆ ಬಂದರು. ಎಂಟನೇ ಪುಟ ಕುರ್ಚಿಯ ಕೆಳಗೆ ಅಂಗಾತ ಮಲಗಿತ್ತು. ಸ್ಟೇಪ್ಲರ್ ಇಲ್ಲದ ವಾರ, ಪಿನ್ ಹಾಕದ ಹಾಳೆ...

ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಇನ್ನೂರ ಹದಿನಾಲ್ಕೂ ಬಚಾವ್," ಎಂದರು ಮುಖ್ಯಸ್ಥೆ. "ಈ ದಿಂಬು ಮಾತ್ರ ನಾನೇ ಓದ್ತೀನಿ ಕಣಮ್ಮ. ನೀನು ಬರೆದಿದ್ದು ಉತ್ತರ ಅಲ್ಲ, ಗಾಳ."

ಸೋತರೂ ಅವಳ ಜಂಬ ಸಾಯಲಿಲ್ಲ. "ಹಾಗಾದ್ರೆ ಆ ಲಕೋಟೆ? ನನ್ ಮೇಲೆ ದೂರು ತಾನೆ?"

"ಬೆಳಿಗ್ಗೆ ಕೊಟ್ಟ. ನೀನೇ ಓದು." ಮುಖ್ಯಸ್ಥೆ ಲಕೋಟೆ ಚಾಚಿದರು.

'ಜೊತೆಯಲ್ಲಿ ಓದುವವರ ಮೇಲೆ ನನಗೆ ಮನಸ್ಸಾಗಿದೆ. ಇನ್ನು ನನ್ನ ಓದಿನಲ್ಲಿ ಪಕ್ಷಪಾತ ಇರುವುದಿಲ್ಲ ಎಂದು ಹೇಳಲಾರೆ. ದಯವಿಟ್ಟು ನನ್ನನ್ನು ಬೇರೆ ಪಟ್ಟಿಗೆ ಹಾಕಿ.'

ಅವಳು ಪತ್ರದಿಂದ ತಲೆಯೆತ್ತಿ ಅವನತ್ತ ನೋಡಿದಳು. "ಮತ್ತೆ... ಸ್ಟೇಪ್ಲರ್?"

"ಅದನ್ನ ಹುಡುಕ್ಕೊಂಡಾದ್ರೂ ಒಂದ್ಸಲ ನನ್ ರೂಮಿಗೆ ಬರ್ತೀರೇನೋ ಅಂತ..."

ಮುಖ್ಯಸ್ಥೆ ಕೆಮ್ಮಿದರು. "ಪಟ್ಟಿ ಬದಲಿಸೋಕೆ ಒಬ್ಬರೇ ಬರೆದ್ರೆ ನಡೆಯಲ್ಲ. ಇಬ್ಬರೂ ಒಂದೊಂದು ಫಾರಂ ತುಂಬಿ, ಮನಸ್ಸಾಗಿದ್ದು ಯಾವಾಗಿಂದ ಅನ್ನೋದೂ ಸೇರಿಸಿ. ಎರಡನ್ನೂ ಪಿನ್ ಹಾಕಿ ಕೊಡಿ. ಬಿಡಿ ಹಾಳೆ ನಾನು ಮುಟ್ಟಲ್ಲ. ಕಾರಣ ಗೊತ್ತಾಯ್ತಲ್ಲ!" ಎಂದು ಹೊರಟೇಹೋದರು.

ಅವನು ಬರೆದ: 'ಮೊದಲ ದಿನದಿಂದ. ಟೀ ಮೆಷಿನ್ ಹತ್ತಿರ.'

ಅವಳು ಬರೆದಳು: 'ಇವತ್ತಿನಿಂದ.'

"ಮೊದಲ್ನೇ ಸಲ ನಮ್ಮ ಉತ್ತರ ಬೇರೆ ಆಯ್ತು," ಅವನ ಮುಖ ಬಾಡಿತು. "ನಿಜವಾಗ್ಲೂ... ಇವತ್ತಿಂದಾನಾ?"

ಅವಳು ಹೊಸ ಫಾರಂ ಎಳೆದುಕೊಂಡಳು. ಅವನ ಹಾಳೆಯನ್ನು ಹತ್ತಿರ ಸರಿಸಿ, ಅಕ್ಷರ ಅಕ್ಷರ ನೋಡಿ ಬರೆಯತೊಡಗಿದಳು.

"ಏನ್ರೀ ಇದು, ಕಾಪಿನಾ?"

"ಅಲ್ಲ. ಉತ್ತರ ನಂಗೆ ಅವತ್ತೇ ಗೊತ್ತಿತ್ತು. ಸ್ಪೆಲಿಂಗ್ ನೋಡ್ತಿದ್ದೀನಿ ಅಷ್ಟೇ."

ಅವನು ನಗುತ್ತ ಎರಡೂ ಹಾಳೆ ಜೋಡಿಸಿ, ತನ್ನ ಕೋಣೆಯಿಂದ ತಂದ ನೀಲಿ ಸ್ಟೇಪ್ಲರ್ ಒತ್ತಿದ. ಟಕ್! ಏನೂ ಇಲ್ಲ. ಮತ್ತೆ ಟಕ್!

"ಸ್ಪ್ರಿಂಗ್ ಸರಿ ಹೋಗಿದೆ... ಪಿನ್ನೇ ಖಾಲಿ. ಹೊಸ ಡಬ್ಬ ಬರೋದು ಸೋಮವಾರ."

"ಅಲ್ಲಿವರ್ಗೂ?"

"ಕೈಯಲ್ಲೇ ಹಿಡ್ಕೊಂಡಿರ್ತೀನಿ."

ಅವಳು ಹಾಳೆಗಳ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. "ಗಟ್ಟಿಯಾಗಿ ಹಿಡ್ಕೊಳ್ಳಿ. ಎಂಟನೇ ಪುಟದ ಥರ ಜಾರಿಬಿಟ್ಟೀತು."

"ಬಿಡಲ್ಲ."