ಮುಂದಿನ ಸೀಟಿನ ಕನ್ನಡಿ

“ಆವತ್ತೂ ನಿಂತೆ, ಇವತ್ತೂ ನಿಂತೆ! ನಿಲ್ಲೋದು ಬಿಟ್ಟು ಬೇರೇನಾದ್ರೂ ಬರುತ್ತೇನೇ ನಿನಗೆ?”

ಕತ್ತಿಗೆ ಪಟ್ಟಿ ಹಾಕಿಸಿಕೊಂಡು ಆಗಷ್ಟೇ ಗಂಡನ ಜೊತೆ ಆಟೋ ಇಳಿದಿದ್ದ ಆರಾಧನಾ ಹೊಸ್ತಿಲಲ್ಲೇ ತಡೆದು ನಿಂತಳು. ಸೊಸೆ ಬದುಕಿ ಬಂದಳಲ್ಲ ಎಂದು ದೇವರ ಮುಂದೆ ತುಪ್ಪದ ದೀಪ ಹಚ್ಚಬೇಕಾಗಿದ್ದ ಅತ್ತೆ ಕೇಳಿದ್ದು ಈ ಮಾತನ್ನು! ಏಟು ಜೋರಾಯ್ತೇ, ಹೊಟ್ಟೆಗೇನಾದರೂ ತಗೊಂಡೆಯಾ... ಊಹೂಂ, ಒಂದು ಮಾತಿಲ್ಲ. ಪೆಟ್ರೋಲು ಹಾಕಿಸಿಕೊಂಡು ಬರುವಾಗ ನ್ಯಾಷನಲ್ ಕಾಲೇಜಿನ ಹತ್ತಿರ ಕೆಂಪು ದೀಪ ಬಿತ್ತು, ಆರಾಧನಾ ಕಾರು ನಿಲ್ಲಿಸಿದಳು. ಹಿಂದೆ ಬರುತ್ತಿದ್ದ ನೀರಿನ ಟ್ಯಾಂಕರ್‌ಗೆ ಬ್ರೇಕ್ ಹಿಡಿಯಲಿಲ್ಲ, ಬಂದು ಗುದ್ದಿತು. ನಡೆದದ್ದು ಇಷ್ಟೇ. ತಪ್ಪು ನಂದೇ ಸ್ವಾಮಿ ಎಂದು ಟ್ಯಾಂಕರಿನ ಡ್ರೈವರೇ ಪೊಲೀಸರೆದುರು ಕೈ ಮುಗಿದಿದ್ದ. ಆದರೆ ಶಂಕರಪುರದ ಆ ಮನೆಯಲ್ಲಿ ಪೊಲೀಸರ ಮಾತು ಯಾರಿಗೆ ಬೇಕು? ಅಲ್ಲಿ ತೀರ್ಪು ಕೊಡುವವರು ಕಾವೇರಮ್ಮ ಒಬ್ಬರೇ.

“ಅಮ್ಮಾ, ಮೊದಲು ಅವಳು ಒಳಗೆ ಬರಲಿ...” ಎಂದ ಮಗ ಸಂಕರ್ಷಣ. ಬ್ಯಾಂಕಿನ ಕೌಂಟರಿನಲ್ಲಿ ಊರಿಗೆಲ್ಲ ಉತ್ತರ ಹೇಳುವ ಗಂಡಸು. ಅಮ್ಮನೆದುರು ಮಾತ್ರ ಅವನ ಬಾಯಿ ಅಷ್ಟಕ್ಕೇ ಸೋಲುತ್ತಿತ್ತು.

“ಬರಲಿ, ಯಾರು ಬೇಡ ಅಂದ್ರು? ನಿಮ್ಮಪ್ಪ ಕೊನೇ ಉಸಿರು ಬಿಟ್ಟ ಗಾಡಿ ಕಣೋ ಅದು! ಅದನ್ನೂ ಮುಗಿಸಿಕೊಂಡು ಬಂದಿದಾಳಲ್ಲ ಮಹಾತಾಯಿ!”

ಈ ಹೆಂಗಸಿನ ಮೇಲೆ ನಿಮಗೆ ಸಿಟ್ಟು ಬಂದಿದ್ದರೆ ಬರಲಿ, ನನಗೂ ಬಂದಿದೆ. ಆದರೂ ಹಿಂದಿನದನ್ನು ಹೇಳಲೇಬೇಕು. ಎರಡು ವರ್ಷದ ಕೆಳಗೆ, ಒಂದು ದ್ವಾದಶಿಯ ಬೆಳಿಗ್ಗೆ, ಕಾವೇರಮ್ಮನವರ ಗಂಡ ವರದರಾಜರಿಗೆ ಎದೆ ಹಿಡಿದುಕೊಂಡಿತು. ಸಂಕರ್ಷಣ ಊರಲ್ಲಿರಲಿಲ್ಲ. ಕಾವೇರಮ್ಮ ಮಡಿಯುಟ್ಟು ಪಾರಣೆಯ ಅಡುಗೆ ಮಾಡುತ್ತಿದ್ದರು. ಮಡಿಯಲ್ಲಿ ಕಾರು ಹತ್ತುವುದುಂಟೆ! “ನೀನು ಕರ್ಕೊಂಡು ನಡಿ, ನಾನು ಸೀರೆ ಬದಲಾಯಿಸಿ ಆಟೋದಲ್ಲಿ ಹಿಂದೇನೇ ಬಂದೆ” ಎಂದರು. ಒಲೆ ಆರಿಸಿದ್ದಾಯಿತು, ಸೀರೆ ಬದಲಾಯಿಸಿದ್ದಾಯಿತು, ಆಟೋ ಸಿಗಲಿಲ್ಲ. ಸಿಕ್ಕಿದ ಆಟೋದವನು ಬೇರೆ ರಸ್ತೆ ಹಿಡಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ವರದರಾಜರ ಮುಖದ ಮೇಲೆ ಬಟ್ಟೆ ಎಳೆದಿದ್ದರು.

ವೈಕುಂಠ ಸಮಾರಾಧನೆಯ ದಿನ ಹೂವು ತಂದುಕೊಟ್ಟ ದಾಸಪ್ಪ, ಪಾಪ, ಕೆಟ್ಟ ಮನಸ್ಸಿನಿಂದಲ್ಲ, ಬಾಯಿಬಿಟ್ಟ. “ಆವತ್ತು ಸಜ್ಜನ್ ರಾವ್ ಸರ್ಕಲ್ ಹತ್ರ ನಿಮ್ಮ ಕಾರು ಪಕ್ಕಕ್ಕೆ ನಿಂತಿತ್ತಲ್ಲಮ್ಮಾ, ಪಂಕ್ಚರ್ರೇನೋ ಅಂದ್ಕೊಂಡೆ.” ಅಷ್ಟು ಸಾಕಾಯಿತು. ಸಾಯುವ ಮನುಷ್ಯನನ್ನು ಕೂರಿಸಿಕೊಂಡು ಕಾರು ಯಾಕೆ ನಿಲ್ಲಿಸಿದೆ ಎಂದು ಅತ್ತೆ ನೆರೆದವರ ಮುಂದೆಯೇ ಕೇಳಿದರು. “ಕೈ ನಡುಗ್ತಿತ್ತು ಅತ್ತೆ...” ಎಂದಳು ಆರಾಧನಾ. ನಿಲ್ಲಿಸದಿದ್ದರೂ ಅವರು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಅವಳ ಕೈ ನಡುಗಿದ್ದೇ ಆ ಮನೆಯ ದೊಡ್ಡ ಅಪರಾಧವಾಯಿತು.

ಆ ಬೂದು ಕಾರನ್ನು ಕಾವೇರಮ್ಮ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಅದರ ಮುಂದಿನ ಸೀಟು ವರದರಾಜರು ಒರಗಿದಂತೆಯೇ ಹಿಂದಕ್ಕೆ ಬಾಗಿತ್ತು. ಬಿಸಿಲು ತಡೆಯಲು ಇಳಿಸುವ ಹಲಗೆ, ಅದರಲ್ಲಿನ ಪುಟ್ಟ ಕನ್ನಡಿ, ಅದೂ ಇಳಿಸಿದಂತೆಯೇ ಇತ್ತು. ಅವರ ಕೈ ತಾಗಿದ್ದನ್ನು ಇನ್ನೊಬ್ಬರು ಮುಟ್ಟಕೂಡದು! ಗುರುವಾರ ರಾಯರ ಮಠಕ್ಕೆ ಹೋಗುವಾಗ ಆರಾಧನಾ ಕಾರು ಓಡಿಸಬೇಕು. ಕಾವೇರಮ್ಮ ಹಿಂದೆ ಕೂತು ಆ ಖಾಲಿ ಸೀಟನ್ನೇ ನೋಡಬೇಕು.

ವಿಮೆ ಕಂಪನಿಯ ಸರ್ವೇಯರ್ ಗೌರೀಶ್, ಕಾರಿನ ಯಜಮಾನಿ ವಯಸ್ಸಾದವರೆಂದು ತಾನೇ ಮನೆಗೆ ಬಂದ. ಒಳ್ಳೆಯ ಹುಡುಗ. ಕೊಟ್ಟ ಕಾಫಿ ಕುಡಿದು ಮೆಲ್ಲಗೆ ವಿಷಯ ತೆಗೆದ.

“ಅಮ್ಮಾ, ಚಾಸಿ, ಅಂದ್ರೆ ಗಾಡಿಯ ಬೆನ್ನೆಲುಬೇ ಬಾಗಿಹೋಗಿದೆ. ರಿಪೇರಿ ಖರ್ಚು ವಿಮೆ ಮೊತ್ತದ ಮುಕ್ಕಾಲು ಭಾಗ ದಾಟುತ್ತೆ. ಅದಕ್ಕೆ ಕಂಪನಿ ಟೋಟಲ್ ಲಾಸ್ ಅಂತ ತೀರ್ಮಾನ ಮಾಡಿದೆ. ನಿಮ್ಮ ದುಡ್ಡು ನಿಮಗೆ ಬರುತ್ತೆ, ಗಾಡಿ ಗುಜರಿಗೆ ಹೋಗುತ್ತೆ. ಇಲ್ಲೊಂದು ಸಹಿ...”

“ಗುಜರಿಗಾ! ನಮ್ಮೆಜಮಾನರ ಗಾಡಿನಾ?” ಕಾವೇರಮ್ಮ ಎದ್ದೇಬಿಟ್ಟರು. “ಸಹಿ ಹಾಕಲ್ಲ. ನಿಮ್ಮ ದುಡ್ಡು ಯಾರಿಗೆ ಬೇಕು? ರಿಪೇರಿ ಮಾಡಿಸಿ ನನ್ನ ಬಾಗಿಲಿಗೆ ತಂದು ನಿಲ್ಲಿಸಿ!”

“ರಿಪೇರಿ ಮಾಡಿದ್ರೂ ಅದು ರಸ್ತೆಗೆ ಇಳಿಯೋ ಗಾಡಿ ಅಲ್ಲಮ್ಮ. ನಿಮಗೆ ಬೇಜಾರಾಗಿದೆ, ಗೊತ್ತಾಗುತ್ತೆ. ಆದ್ರೆ ಇದರಲ್ಲಿ ನಿಮ್ಮ ಸೊಸೆಯವರದ್ದು ಒಂದು ಚೂರೂ ತಪ್ಪಿಲ್ಲ. ನಿಲ್ಲಬೇಕಾದ ಕಡೆ ನಿಂತಿದ್ರು, ಅಷ್ಟೇ.”

ಬಾಗಿಲ ಮರೆಯಲ್ಲಿದ್ದ ಆರಾಧನಾ ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ತಪ್ಪಿಲ್ಲ... ಎರಡು ವರ್ಷದಿಂದ ಅವಳು ಕಾದಿದ್ದ ಮಾತು! ಹೇಳಬೇಕಾದವರ ಬಾಯಿಂದ ಬರಲಿಲ್ಲ, ಯಾರೋ ಒಬ್ಬ ದಾರಿಹೋಕನಂಥವನು ಕಾಫಿ ಲೋಟ ಕೆಳಗಿಡುತ್ತ ಹೇಳಿಬಿಟ್ಟ. ಗೌರೀಶ್ ಗಾಬರಿಯಾಗಿ, ನಾನೇನಾದ್ರೂ ಹೆಚ್ಚುಕಮ್ಮಿ ಮಾತಾಡಿದೆನಾ ಸಾರ್, ಎಂದು ಸಂಕರ್ಷಣನ ಮುಖ ನೋಡಿದ.

ಅವನು ಹೋದ ಮೇಲೆ ಕಾವೇರಮ್ಮ ಮಗನನ್ನು ಎದುರು ನಿಲ್ಲಿಸಿಕೊಂಡರು. “ಕೇಳಿಸ್ಕೋ ಸಂಕರ್ಷಣ. ಈ ಮನೆಗೆ ಆ ಗಾಡಿ ಬರಬೇಕು. ಬರಲ್ಲ ಅಂದ್ರೆ ಅವಳು ತೌರಿಗೆ ಹೋಗಲಿ. ಅವಳ ಮುಖ ನೋಡ್ಕೊಂಡು ನಾನು ಇಲ್ಲಿ ಇರಲಾರೆ!”

ಆಮೇಲೆ ಆ ಮನೆಯಲ್ಲಿ ಯಾರೂ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕಂಪನಿಯಿಂದ ಫೋನು, ಜಾಗ ಖಾಲಿ ಮಾಡಿ ಎಂದು ಗ್ಯಾರೇಜಿನಿಂದ ಫೋನು. ಸಂಕರ್ಷಣ ಫೋನು ಹಿಡಿದುಕೊಂಡು ಜಗುಲಿಗೂ ಹಿತ್ತಿಲಿಗೂ ಅಲೆದ. ಕಾವೇರಮ್ಮ ಸೊಸೆ ಕೊಟ್ಟ ನೀರನ್ನೂ ಮುಟ್ಟಲಿಲ್ಲ. ರಸ್ತೆಯಲ್ಲಿ ಕಾರಿನ ಸದ್ದಾದರೆ ಕಿಟಕಿಗೆ ಓಡುವರು. ಆರಾಧನಾ ಪೆಟ್ಟಿಗೆಗೆ ಸೀರೆ ತುಂಬುವಳು, ತೆಗೆಯುವಳು, ಮತ್ತೆ ತುಂಬುವಳು. ಕೊನೆಗೆ ಸಂಕರ್ಷಣನೇ ಅಮ್ಮನ ಕಾಲು ಹಿಡಿದ. “ಒಂದ್ಸಲ ಬಂದು ನೋಡಮ್ಮಾ. ಆಮೇಲೆ ನೀನು ಹೇಳಿದ ಹಾಗೆ.”

ಮೈಸೂರು ರಸ್ತೆಯ ಗ್ಯಾರೇಜಿಗೆ ಮೂವರೂ ಹೋದರು. ಹಿಂದಿನ ಬಯಲಲ್ಲಿ ಕಾರು ನಿಂತಿತ್ತು. ಅದರ ಡಿಕ್ಕಿ ಹಿಂದಿನ ಸೀಟಿನೊಳಕ್ಕೆ ನುಗ್ಗಿತ್ತು. ಕಾವೇರಮ್ಮ ಗುರುವಾರ ಕೂರುತ್ತಿದ್ದ ಜಾಗವೇ ಇರಲಿಲ್ಲ! ಮುಂದಿನ ಸೀಟು ಮಾತ್ರ ಇದ್ದ ಹಾಗೇ ಇತ್ತು. ಅವರು ಬಾಗಿಲು ತೆಗೆದು, ಮೊದಲ ಸಲ, ಗಂಡ ಕೂತಿದ್ದಲ್ಲಿ ಕೂತು ಹಿಂದಕ್ಕೆ ಒರಗಿದರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದರು. ಕಣ್ಣು ತೆರೆದರೆ ಎದುರಿಗೆ ಆ ಪುಟ್ಟ ಕನ್ನಡಿ. ಅದರಲ್ಲಿ ಅವರ ಮುಖ ಕಾಣಲಿಲ್ಲ. ಹಿಂದಿನ ಒಡೆದ ಗಾಜು, ಅದರಾಚೆ ಗೇಟು, ಗೇಟಿನಾಚೆ ರಸ್ತೆಯಲ್ಲಿ ಒಂದರ ಹಿಂದೊಂದು ಬರುತ್ತಿದ್ದ ಆಟೋಗಳು ಕಂಡವು.

“ಆರಾಧನಾ...” ಅತ್ತೆ ಹೆಸರು ಹಿಡಿದು ಕರೆದು ಎಷ್ಟು ಕಾಲವಾಗಿತ್ತೋ! “ಇವರು ಯಾವತ್ತೂ ಕನ್ನಡಿ ನೋಡ್ಕೊಳ್ಳೋ ಮನುಷ್ಯ ಅಲ್ಲ. ತಲೆ ಬಾಚ್ಕೊಳ್ಳಿ ಅಂತ ನಾನೇ ಹೇಳಬೇಕಿತ್ತು. ಇದನ್ನ ಯಾಕೆ ಇಳಿಸಿದ್ರು?”

ಆರಾಧನಾ ತಲೆ ತಗ್ಗಿಸಿದಳು.

“ಹೇಳೇ... ನನ್ನಾಣೆ!”

“ಆಟೋ ನೋಡೋಕೆ ಅತ್ತೆ...” ಎಂದಳು ಅವಳು. “‘ಕಾವೇರಿ ಹಿಂದೇನೇ ಬರ್ತಾಳೆ, ನಿಲ್ಲಿಸಮ್ಮ, ಅವಳು ಬಂದ್ಬಿಡಲಿ’ ಅಂದ್ರು ಮಾವ. ಬೇಡ ಮಾವ, ಹೊತ್ತಾಗುತ್ತೆ ಅಂದೆ. ಸ್ಟೀರಿಂಗ್ ಮೇಲಿದ್ದ ನನ್ನ ಕೈ ಹಿಡ್ಕೊಂಡ್ರು. ನಿಲ್ಲಿಸಿದೆ. ಪ್ರತಿ ಆಟೋ ಬಂದಾಗ್ಲೂ ಇದರಲ್ಲೇ ನೋಡ್ತಿದ್ರು... ನೋಡ್ತಾ ನೋಡ್ತಾನೇ...”

ಸಂಕರ್ಷಣ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಕಾವೇರಮ್ಮನವರಿಗೆ ಅಳುವೂ ಬರಲಿಲ್ಲ. “ಇಷ್ಟು ದಿನ... ಅಷ್ಟೆಲ್ಲ ಅನ್ನಿಸಿಕೊಂಡು... ಯಾಕೆ ಹೇಳಲಿಲ್ಲ ನೀನು?”

“ಹೇಳಿದ್ದಿದ್ರೆ ನೀವು ಉಳೀತಿದ್ರಾ ಅತ್ತೆ? ಬೈಸಿಕೊಂಡ್ರೆ ನನಗೇನಾಗುತ್ತೆ ಅಂದ್ಕೊಂಡೆ...”

ಕಾವೇರಮ್ಮ ಆ ಹಲಗೆಯನ್ನು ಮೇಲಕ್ಕೆತ್ತಿ ಮುಚ್ಚಿದರು. ಕೆಳಗಿಳಿದರು. “ಕಾಗದ ತಾ” ಎಂದು ಮಗನಿಂದ ಒಪ್ಪಿಗೆ ಪತ್ರ ಇಸಕೊಂಡು ಸಹಿ ಹಾಕಿದರು. ಮನೆಗೆ ಬಂದವರೇ ದೇವರ ಮನೆ ಸೇರಿ ಬಾಗಿಲು ಹಾಕಿಕೊಂಡರು. ಹೇಳಬಾರದಿತ್ತೇನೋ ಎಂದು ಆರಾಧನಾ ರಾತ್ರಿಯೆಲ್ಲ ಹೊರಳಾಡಿದಳು.

ಬೆಳಿಗ್ಗೆ ಕಾವೇರಮ್ಮ ಮಡಿಯುಟ್ಟು ಒಲೆಯ ಮುಂದಿದ್ದಾಗ ಗ್ಯಾರೇಜಿನಿಂದ ಫೋನು ಬಂತು. ಆರಾಧನಾ ಅಡುಗೆಮನೆಯ ಹೊಸ್ತಿಲಾಚೆ ದೂರದಲ್ಲೇ ನಿಂತಳು.

“ಅತ್ತೆ, ಗುಜರಿಯವರು ಗಾಡಿ ಎತ್ಕೊಂಡು ಹೋಗೋಕೆ ಬಂದಿದಾರಂತೆ. ಕೊನೇ ಸಲ ನೋಡೋದಿದ್ರೆ ಬನ್ನಿ ಅಂದ್ರು. ನೀವು ಮಡಿಯಲ್ಲಿದೀರ... ನಾವು ಮುಂದೆ ಹೋಗಿರ್ತೀವಿ, ನೀವು ಸೀರೆ ಬದಲಾಯಿಸಿ ಆಮೇಲೆ...”

“ಆಮೇಲೆ ಬೇಡ!” ಕಾವೇರಮ್ಮ ಕುದಿಯುತ್ತಿದ್ದ ಸಾರಿನ ಒಲೆ ಆರಿಸಿದರು. ಹೊಸ್ತಿಲು ದಾಟಿ ಬಂದು ಸೊಸೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು. “ಮುಟ್ಟಿದೀನಿ ನೋಡು, ಏನೂ ಆಗಲಿಲ್ಲ. ಆವತ್ತು ಹೀಗೇ ಬಂದಿದ್ದಿದ್ರೆ... ನಿಂದೇನೂ ತಪ್ಪಿಲ್ಲಮ್ಮ, ನಿಂದೇನೂ ತಪ್ಪಿಲ್ಲ...” ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

ಮಡಿ ಸೀರೆಯಲ್ಲೇ ಆಟೋ ಹತ್ತಿದರು ಕಾವೇರಮ್ಮ! ಪಕ್ಕದ ಮನೆಯವರು ಗೇಟಿಗೆ ಬಂದು ನೋಡುತ್ತಿದ್ದರೆ ನೋಡಲಿ ಎಂದು ತಿರುಗಿಯೂ ನೋಡಲಿಲ್ಲ. ಚಾಮರಾಜಪೇಟೆ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು, ಆಟೋ ನಿಂತಿತು. ಆರಾಧನಾ ಥಟ್ಟನೆ ಅತ್ತೆಯ ಮುಖ ನೋಡಿದಳು.

“ನಿಲ್ಲಲಿ ಬಿಡೇ” ಎಂದು ಕಾವೇರಮ್ಮ ಅವಳ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡರು.